ಹೋಸಿಯತ್ ಆಪಾರ ಬಲಗದ

೨೦೧೯ರ ಅಕ್ಟೋಬರ್ ೧೪, ಸೋಮವಾರ. ನಸುಕಿನಲ್ಲಿ ಹಿಡಿದ ತುಂತುರು ಹೊತ್ತೇರುವ ಮುನ್ನವೇ ಬಿಟ್ಟಿತು; ಆಮೇಲೆ ಕೋಕಂದ್ ಕಡೆಯ ಗಾಳಿ ಬೀಸಿ ಮರ್ಗಿಲಾನ್ ಊರಿನ ಗಲ್ಲಿಗಳನ್ನು ಒಣಗಿಸಿತು. ಹೋಸಿಯತ್ ಆಪಾ ಅವರ ಮುಂಬಾಗಿಲು ಮಾತ್ರ ಅಷ್ಟು ಮಳೆಯನ್ನೇ ಕುಡಿದು ಊದಿಕೊಂಡು, ಹೊಸ್ತಿಲ ಮೇಲೆ ಕೂತುಬಿಟ್ಟಿತ್ತು.

ಆಪಾ ಆ ಮೊಹಲ್ಲೆಯ ಕೈವಾನಿ. ಮದುವೆಯಿರಲಿ, ಸಾವಿನ ಮನೆಯ ಊಟವಿರಲಿ, ಒಲೆ ಹೊತ್ತಿಸುವುದರಿಂದ ಕೊನೆಯ ತಟ್ಟೆ ತೊಳೆದಿಡುವವರೆಗೆ ಹೆಂಗಸರ ಕಡೆಯ ಕೆಲಸವೆಲ್ಲ ಅವರ ಮಾತಿನಂತೆ ನಡೆಯಬೇಕು. ಮೊಹಲ್ಲೆಯವರು ಚಂದಾ ಎತ್ತಿ ಕೊಂಡ ಕೊಪ್ಪರಿಗೆಗಳು, ತಟ್ಟೆಗಳು, ಚಹಾ ಕುಡಿಯುವ ಪಿಯಾಲ ಬಟ್ಟಲುಗಳು ಇಪ್ಪತ್ತು ವರ್ಷಗಳಿಂದ ಅವರ ಮನೆಯ ಒಳಕೋಣೆಯಲ್ಲೇ ಇದ್ದವು. ಗಂಡ ಲಾರಿ ಓಡಿಸುವವರು. ತಿಂಗಳಲ್ಲಿ ಹೆಚ್ಚಿನ ದಿನ ಊರಲ್ಲಿರುತ್ತಿರಲಿಲ್ಲ. ಆಪಾ ಹೊರಗೆ ಹೊರಟರೆ ಮನೆಗೆ ಬೀಗವೇ ಕಾವಲು.

ಬಾಗಿಲು ಹಿಪ್ಪುನೇರಳೆ ಮರದ್ದು, ಎರಡು ಕದದ್ದು. ಅದಕ್ಕೆ ಕಬ್ಬಿಣದ ಕೀಲುಗಳಿಲ್ಲ. ಕದದ ಅಂಚಿನ ಗೂಟವು ಕೆಳಗೆ ಕಲ್ಲಿನ ಕುಳಿಯಲ್ಲಿ, ಮೇಲೆ ಮರದ ತೂತಿನಲ್ಲಿ ಕೂತು ತಿರುಗುತ್ತದೆ. ಬೀಗವಿರುವುದು ಬಲಗದದಲ್ಲಿ. ಅದರ ನಾಲಿಗೆ ಎಡಗದದ ತೂತನ್ನು ಹೊಗಬೇಕಾದರೆ ಬಲಗದವನ್ನು ಹೆಗಲಿನಿಂದ ಎತ್ತಿ ಹಿಡಿಯಬೇಕು. ಆಪಾ ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ಇದನ್ನು ಹೇಳಿಕೊಟ್ಟಿದ್ದರು: "ಹೆಗಲು ಕೊಡು, ಉಸಿರು ಹಿಡಿ, ಕೀ ತಿರುಗಿಸು. ಈ ಮನೆ ಬಾಗ್ಲು ಇರೋದೇ ಹೀಗೆ ಮಗಳೇ." ಅತ್ತೆಗೆ ಅವರ ಅತ್ತೆ ಕಲಿಸಿದ್ದರು. ಹೀಗೆ ಬಾಗಿಲಿನ ಕಾಯಿಲೆ ಮನೆಯ ರಿವಾಜಾಗಿತ್ತು.

ಈ ಬೇಸಗೆಯಲ್ಲಿ ಆಪಾ ಜರ್ದಾಳು ಮರದಿಂದ ಬಿದ್ದು ಬಲಹೆಗಲಿನ ಎಲುಬು ಮುರಿದುಕೊಂಡರು. ಎಲುಬು ಕೂಡಿತು, ಕದ ಎತ್ತುವ ಬಲ ಮರಳಲಿಲ್ಲ. ಹೋದ ಗುರುವಾರ ಬಾಗಿಲನ್ನು ಬರೀ ಎಳೆದುಕೊಂಡು ಮದುವೆಗೆ ಹೋಗಿದ್ದಾಗ, ನೆರೆಮನೆಯವರು ಔತಣಕ್ಕೆಂದು ಕಟ್ಟಿದ್ದ ಟಗರು ಹಗ್ಗ ಹರಿದುಕೊಂಡು ಒಳಗೆ ನುಗ್ಗಿತು. ಪಾತ್ರೆಯ ಕೋಣೆಯಲ್ಲಿ ಇಪ್ಪತ್ತು ಪಿಯಾಲಗಳು ಚೂರಾದವು.

ಮೊಹಲ್ಲೆಯ ಹಿರಿಯ ತುರ್ಗುನ್ ಆಕಾ ಮರುದಿನವೇ ಬಂದರು.

"ತಂಗಿ, ಬೇಜಾರು ಮಾಡ್ಕೋಬೇಡ. ಬರೋ ಶುಕ್ರವಾರ ಮತ್ತೊಂದು ಮದುವೆ ಇದೆ. ಅಷ್ಟರಲ್ಲಿ ಬೀಗ ಬಿದ್ರೆ ಸರಿ. ಇಲ್ಲಾಂದ್ರೆ ಪಾತ್ರೆ ಎಲ್ಲಾ ಮುಕಿಮ್ ಮನೇಗೆ. ಅವ್ನ ಮನೇಲಿ ಕಬ್ಬಿಣದ ಗೇಟಿದೆ."

"ಪಾತ್ರೆ ಅವ್ನ ಮನೇಲಿದ್ರೆ ಕೈವಾನಿ ಯಾರು ಆಕಾ? ಅವ್ನ ಹೆಂಡ್ತಿನಾ? ಮೊನ್ನೆ ಹಲ್ವಾ ಸೀಯಿಸಿ ಗೋರಿ ಕಲ್ಲು ಮಾಡಿಟ್ಟೋಳು!"

ತುರ್ಗುನ್ ಆಕಾ ನಗು ಬಂದದ್ದನ್ನು ಗಡ್ಡ ನೀವಿ ಮರೆಸಿದರು. "ಪಾತ್ರೆ ಎಲ್ಲಿರುತ್ತೋ ಜನ ಅಲ್ಲಿಗೇ ಹೋಗೋದು. ನಿಂಗೇ ಗೊತ್ತಲ್ಲ."

ಗೊತ್ತಿತ್ತು. ಪಾತ್ರೆ ಕೇಳಲು ಬರುವವರು ಜೊತೆಗೆ ಹೆಣ್ಣು ನೋಡುವ ಸುದ್ದಿ, ಜಗಳ, ಕಣ್ಣೀರು ಎಲ್ಲವನ್ನೂ ಹೊತ್ತು ತರುತ್ತಿದ್ದರು. ಅವೂ ಇನ್ನು ಮುಕಿಮ್‌ನ ಗೇಟಿನ ಹಾದಿ ಹಿಡಿಯುತ್ತವೆ ಎಂದು ನೆನೆದಾಗ, ತಟ್ಟೆಗಳಿಗಿಂತ ಹೆಚ್ಚಿನದೇನೋ ಮನೆ ಬಿಟ್ಟು ಹೊರಟಂತೆ ಅವರಿಗೆ ಅನ್ನಿಸಿತು.

ಸೋಮವಾರ ಮುಕಿಮನೇ ಬಂದ. ಗೇಟುಗಳನ್ನು ಬೆಸೆದು ಬದುಕುವ ಆತ ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಜೋರು. ಕದದ ಅಡಿಯನ್ನು ಬೆರಳಿನಿಂದ ತಡವಿ ನೋಡಿದ.

"ಇನ್ನೆಷ್ಟು ಹತ್ತರಿ ಹಾಕಿ ಉಜ್ಜೋದು ಆಪಾ? ನಿಮ್ಮ ಮಾವನ ಕಾಲದಿಂದ ಉಜ್ಜಿ ಉಜ್ಜಿ ಇದು ಅಂಗಿ ಬಿಚ್ಚಿದ ಬಡಕಲು ಮುದುಕನ ಹಾಗಾಗಿದೆ. ಹೊಸ್ತಿಲನ್ನೇ ಎರಡು ಬೆರಳು ಕೆತ್ತಿಬಿಡ್ತೀನಿ, ಕೆಲಸ ಮುಗೀತು."

"ಹೊಸ್ತಿಲಿಗೆ ಉಳಿ ಇಡ್ತೀಯಾ? ಕಾಲಿಡೋಕೇ ಹಿಂದೆಮುಂದೆ ನೋಡ್ತೀವಿ!"

"ಹಾಗಾದ್ರೆ ಗೇಟು ಹಾಕಿಸಿ. ನಿಮ್ಮ ಹತ್ರ ಕಬ್ಬಿಣದ ಕ್ರಯ ಅಷ್ಟೇ ತಗೋತೀನಿ, ಕೂಲಿ ಬೇಡ."

"ನೀನು ಮೊದ್ಲು ಚಹಾ ಕುಡಿ," ಎಂದು ಆಪಾ ಅಂಗಳದ ಒಲೆಯ ಕಡೆ ನಡೆದರು.

ಒಲೆಯ ಮೇಲೆ ಇಟ್ಟಿದ್ದ ಕೊಪ್ಪರಿಗೆ ಒಂದು ಬದಿಗೆ ವಾಲಿತ್ತು. ಮಳೆಗೆ ನೆನೆದ ಮಣ್ಣಿನಲ್ಲಿ ಮುಕ್ಕಾಲಿಯ ಒಂದು ಕಾಲು ಕುಸಿದಿತ್ತು. ಆಪಾ ಎಂದಿನಂತೆ ಒಂದು ಹಂಚಿನ ಚೂರನ್ನು ಆ ಕಾಲಿನಡಿ ತುರುಕಿದರು. ಕೊಪ್ಪರಿಗೆಯ ನೀರು ಮಟ್ಟಕ್ಕೆ ಬಂತು. ಬಾಗಿದ ಬೆನ್ನನ್ನು ನೆಟ್ಟಗೆ ಮಾಡದೆಯೇ ಅವರು ತಲೆ ತಿರುಗಿಸಿ ಬಾಗಿಲನ್ನು ನೋಡಿದರು.

"ಮುಕಿಮ್, ಕೊಪ್ಪರಿಗೆ ವಾಲಿದ್ರೆ ನೀನು ಅದರ ಅಂಚು ಕತ್ತರಿಸ್ತೀಯಾ?"

"ನಂಗೇನು ತಲೆ ಕೆಟ್ಟಿದ್ಯಾ?"

"ಮತ್ತೆ ಇಷ್ಟು ವರ್ಷ ನಾವೆಲ್ಲಾ ಕದದ ಅಂಚು ಯಾಕೆ ಕತ್ತರಿಸಿದ್ವಿ? ಹಾರೆ ತಗೊಂಡು ಬಾ."

ಮುಕಿಮ್ ಹಾರೆಯಿಂದ ಮೀಟಿ ಬಲಗದವನ್ನು ಎತ್ತಿ ಹಿಡಿದ. ಆಪಾ ನೆಲಕ್ಕೆ ಕೂತು ಕಲ್ಲಿನ ಕುಳಿಗೆ ಬೆರಳಿಳಿಸಿದರು. ತಿರುಗಿ ತಿರುಗಿ ಸವೆದ ಅದು ಪಿಯಾಲದಷ್ಟೇ ಆಳವಾಗಿತ್ತು. ಹಿತ್ತಲಲ್ಲಿ ಒಡೆದ ಹಳೆಯ ಕೊಪ್ಪರಿಗೆಯೊಂದಿತ್ತು. ಅದರ ತಳದಿಂದ ಮುಕಿಮ್ ಕುಳಿಯ ಅಳತೆಗೆ ಎರಡು ಬಿಲ್ಲೆ ಕತ್ತರಿಸಿ ತಂದ. ಒಂದು ಸಾಲಲಿಲ್ಲ; ಎರಡನೆಯದನ್ನೂ ಹಾಕಿ ಎಣ್ಣೆ ಬಿಟ್ಟರು. ಕದ ಮೇಲೆದ್ದು ನಿಂತಿತು. ಜೊತೆಗೆ ತಲೆತಲಾಂತರದ ಉಜ್ಜಾಟವೂ ಹೊರಬಿತ್ತು: ಅಡಿಯಲ್ಲಿ ಬೆಕ್ಕು ನುಸುಳುವಷ್ಟು ಸಂದು.

"ಟಗರು ತಪ್ಪಿತು, ಇನ್ಮೇಲೆ ಬೆಕ್ಕಿನ ಕಾಟ," ಎಂದ ಮುಕಿಮ್. ಅಲ್ಲಿಗೆ ಹಳೆಯ ಕಂಬಳಿಯ ಪಟ್ಟಿಯೊಂದನ್ನು ಮೊಳೆ ಹೊಡೆದು ಕೂರಿಸಿದ್ದಾಯಿತು.

"ಗೇಟಿನ ಗಿರಾಕಿ ಕೈ ತಪ್ಪಿತಲ್ಲೋ."

"ಪರವಾಗಿಲ್ಲ ಆಪಾ. ಆ ಪಾತ್ರೆ ನಮ್ಮನೇಗೆ ಬಂದಿದ್ರೆ ನಾನು ಮಲಗೋಕೆ ಜಾಗ ಎಲ್ಲಿತ್ತು?"

ಸಂಜೆಯ ನಮಾಜು ಮುಗಿಸಿ ತುರ್ಗುನ್ ಆಕಾ ಬಂದರು. ಅವರೇ ಬಾಗಿಲೆಳೆದು ಎರಡೇ ಬೆರಳಲ್ಲಿ ಕೀ ತಿರುಗಿಸಿದರು. ನಾಲಿಗೆ ಒಳಗೆ ಹೋಯಿತು. ತೆಗೆದು ಇನ್ನೊಮ್ಮೆ ತಿರುಗಿಸಿದರು. ಆಮೇಲೆ ಕೀಯನ್ನು ಆಪಾರ ಅಂಗೈಯಲ್ಲಿಟ್ಟು, "ಶುಕ್ರವಾರಕ್ಕೆ ಮುನ್ನೂರು ಜನ ಅಂತಿದಾರೆ ತಂಗಿ. ಪಿಯಾಲ ಸಾಲುತ್ತಾ?" ಎಂದು ಕೇಳಿದರು.

"ನಾಳೆ ಬಜಾರಿಗೆ ಹೋಗಿ ಇಪ್ಪತ್ತು ತರ್ತೀನಿ ಆಕಾ. ಸಾಲುತ್ತೆ."

ಮರುದಿನ ಬಜಾರಿಗೆ ಹೊರಟಾಗ ಆಪಾ ಅಭ್ಯಾಸಬಲದಿಂದ ಕದಕ್ಕೆ ಹೆಗಲು ಕೊಟ್ಟರು. ಎತ್ತುವುದಕ್ಕೆ ಮುನ್ನವೇ ಬೀಗ ಬಿದ್ದಿತ್ತು.

ಖರ್ಚು: ಎಣ್ಣೆಗೆ ಆರು ಸಾವಿರ ಸೋಮ್, ಮೊಳೆಗೆ ಮೂರು ಸಾವಿರ, ಇಪ್ಪತ್ತು ಪಿಯಾಲಗಳಿಗೆ ಎಂಬತ್ತು ಸಾವಿರ. ಕಬ್ಬಿಣ ಮನೆಯದೇ. ಮುಕಿಮ್ ಕೂಲಿ ತೆಗೆದುಕೊಳ್ಳಲಿಲ್ಲ; ಎರಡು ತಟ್ಟೆ ಪಲಾವ್ ತಿಂದು ಹೋದ.