ಸೋದರಮಾವನ ಪಾತ್ರ

ಬೈಂದೂರಿನ ಹತ್ತಿರದ ಒಂದು ಹೈಸ್ಕೂಲಿಗೆ ನಾನು ಇಂಗ್ಲಿಷ್ ಮೇಷ್ಟ್ರಾಗಿ ಸೇರಿದ್ದು ಅರವತ್ತರ ದಶಕದ ಆರಂಭದಲ್ಲಿ. ಶಾಲೆ ಖಾಸಗಿಯವರದು. ಆಡಳಿತ ಮಂಡಳಿಯ ಅಧ್ಯಕ್ಷರು ಆ ಊರಿನ ದೊಡ್ಡ ಜಮೀನುದಾರರು. ಎಲ್ಲರಿಗೂ ಅವರು ಯಜಮಾನರು. ನಾನು ಉಳಿದುಕೊಂಡಿದ್ದು ಅವರ ಮನೆಯ ಮಾಳಿಗೆಯ ಕೋಣೆಯಲ್ಲಿ, ಉಣ್ಣುತ್ತಿದ್ದುದು ಅವರ ಪಕ್ಕದ ಮಣೆಯ ಮೇಲೆ ಕೂತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬ್ರಹ್ಮಾವರದಿಂದ ಅಮ್ಮ ಪ್ರತಿ ಕಾಗದದಲ್ಲೂ ಅದೊಂದನ್ನೇ ಕೇಳುತ್ತಿದ್ದಳು.

ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಓದುತ್ತಿದ್ದ ಪುಸ್ತಕದ ಮಾತು ಬಂತು. ವಿಕ್ಟೋರಿಯಾ ರಾಣಿಯ ಕಾಲದ ಒಂದು ದಪ್ಪ ಪತ್ತೇದಾರಿ ಕಾದಂಬರಿ, ಶಾಲೆಯ ಕಪಾಟಿನಲ್ಲಿ ಸಿಕ್ಕಿದ್ದು. ಹೊಳೆ ದಾಟುವಾಗ ದೋಣಿ ಮುಳುಗಿ ದೊಡ್ಡ ಮನೆಯ ಹುಡುಗನೊಬ್ಬ ಸಾಯುತ್ತಾನೆ. ಈಜಿ ದಡ ಸೇರಿದ ದೋಣಿಯವನ ಮೇಲೆ ಎಲ್ಲರಿಗೂ ಅನುಮಾನ. ಇಷ್ಟು ಹೇಳುವಷ್ಟರಲ್ಲಿ ಯಜಮಾನರು ಕೈ ಎತ್ತಿದರು.

"ಕೊಂದದ್ದ್ ಯಾರ್ ಅಂದೇಳಿ ಹೇಳ್ಬೇಡಿ ಮಾಷ್ಟ್ರೆ. ಇದನ್ನೇ ನಾಟ್ಕ ಮಾಡಿ. ವಾರ್ಷಿಕೋತ್ಸವಕ್ಕೆ ಇದೇ ಆಯ್ಕ್. ಮಾತ್ ಕಮ್ಮಿ ಇರ್ಲಿ, ಪದ ಜಾಸ್ತಿ ಇರ್ಲಿ."

ನಾನು ಉಬ್ಬಿಹೋದೆ. ಅಂದಿನಿಂದಲೇ ಹಾಡು ತುಂಬಿ ಬರೆಯಲು ಕೂತೆ. ಇಂಗ್ಲೆಂಡಿನ ಮಂಜು ನಮ್ಮ ಜೂನ್ ತಿಂಗಳ ಮಳೆಯಾಯಿತು, ಅವರ ಸಂಜೆಯ ಪ್ರಾರ್ಥನೆ ಭಜನೆಯಾಯಿತು. ತೊಡಕಾದದ್ದು ಒಂದೇ ಶಬ್ದ. ತಂದೆತಾಯಿ ಇಲ್ಲದ ಆ ಹುಡುಗನ ಆಸ್ತಿ ನೋಡಿಕೊಳ್ಳುವ ದೈವಭಕ್ತ ಹಿರಿಯನನ್ನು ಪುಸ್ತಕ ಬರೀ 'ಅಂಕಲ್' ಎನ್ನುತ್ತಿತ್ತು. ಚಿಕ್ಕಪ್ಪನೋ ಸೋದರಮಾವನೋ ಗೊತ್ತಾಗದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಳಿಯನ ಭೂಮಿ ನೋಡಿಕೊಳ್ಳುವವನು ತಾಯಿಯ ತಮ್ಮನೋ ಅಣ್ಣನೋ ಅಲ್ಲವೇ? ಸೋದರಮಾವ ಎಂದು ಬರೆದೆ. ಆಗ ನನ್ನ ಮನಸ್ಸಿನಲ್ಲಿ ಯಾರೂ ಇರಲಿಲ್ಲ. ಕಥೆಯ ಕಡೆಗೆ ದೋಣಿಯ ಹಲಗೆಗೆ ತೂತು ಕೊರೆದವನು ಈ ಮಾವನೇ ಎಂದು ಬಯಲಾಗುತ್ತದೆ.

ಮೊದಲೆರಡು ಅಂಕ ಕೇಳಿದ ಯಜಮಾನರು ಸೋದರಮಾವನ ಪಾತ್ರ ತಾನೇ ಮಾಡುತ್ತೇನೆಂದರು. ಭಜನೆಯ ನಾಲ್ಕು ಪದ ಆ ಪಾತ್ರಕ್ಕಿದ್ದವು. ಕೊಂದದ್ದು ಯಾರೆಂದು ಹೇಳಬೇಡಿ ಎಂದಿದ್ದವರು ಅವರೇ, ಹಾಗಾಗಿ ನಾನು ಹೂಂ ಎಂದೆ.

ದೋಣಿಯವನ ಪಾತ್ರಕ್ಕೆ ಹಾಡಬಲ್ಲವನು ಬೇಕಿತ್ತು. ಕಡಲ ಬದಿಯಲ್ಲಿ ಬಲೆ ಹಾಕುವ ಒಬ್ಬ ಮೀನುಗಾರನ ಕಂಠ ಕೇಳಿದ್ದೆ. ಮೂವತ್ತೈದರ ಗಟ್ಟಿ ಆಳು, ಅಕ್ಷರ ಬಾರದು, ಒಮ್ಮೆ ಕೇಳಿದ ಪದ ಮರೆಯನು. ಅವನ ಮನೆಗೇ ಹೋಗಿ ಕಥೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಕಡೆಗೆ ದೋಣಿಯವಂದ್ ತಪ್ಪ್ ಇತ್ತಾ, ಇಲ್ಯಾ?"

"ಇಲ್ಲ. ಅವ ನಿರಪರಾಧಿ. ಅದೇ ಕೊನೆಯ ಹಾಡು."

"ಹಾಂಗಾರೆ ಬತ್ತೆ. ಆದ್ರೆ ಮಾತ್ ಬದ್ಲ್ಸುಕಾಗ ಮಾಷ್ಟ್ರೆ. ನಮ್ಮನಿ ಮಕ್ಳೂ ಅದೇ ಶಾಲಿಗೆ ಹೋತ್ರ್."

ಮಾತು ಕೊಟ್ಟೆ.

ಶಾಲೆ ಬಿಟ್ಟ ಮೇಲೆ ಸಂಜೆ ಅಭ್ಯಾಸ. ಮೂರನೆಯ ಅಂಕವನ್ನು ನಾನು ಹಾರ್ಮೋನಿಯಂ ಬಾರಿಸುವ ಮುದುಕರೊಬ್ಬರಿಗೆ ಮತ್ತು ಆ ಮೀನುಗಾರನಿಗೆ ಮಾತ್ರ ಹೇಳಿಕೊಟ್ಟಿದ್ದೆ. ರಾಗ ಕೂಡಿಸುತ್ತಿದ್ದ ಮುದುಕರು ಅರ್ಧದಲ್ಲಿ ತಿದಿ ನಿಲ್ಲಿಸಿ ಮೆಲ್ಲಗೆ ಕೇಳಿದರು, "ನೀವ್ ಗೊತ್ತಿದ್ದೇ ಬರ್ದದ್ದಾ?"

"ಎಂತದು?"

ಆಗ ತಿಳಿಯಿತು. ಯಜಮಾನರು ನೋಡಿಕೊಳ್ಳುತ್ತಿದ್ದ ಗದ್ದೆಗಳಲ್ಲಿ ಅರ್ಧಕ್ಕರ್ಧ ಅವರ ತೀರಿಹೋದ ಅಕ್ಕನ ಮಗನವು. ಆ ಅಳಿಯ ಪಾಲು ಕೇಳಿ ಜಗಳವಾಡಿ ಬೊಂಬಾಯಿಗೆ ಹೋದವನು ಎಂಟು ವರ್ಷದಿಂದ ಕಾಗದವನ್ನೂ ಬರೆದಿರಲಿಲ್ಲ. ಊರವರು ಏನೇನೋ ಆಡಿಕೊಳ್ಳುತ್ತಿದ್ದರು. ನಾನು ಹೊರಗಿನವನು, ನನ್ನ ಕಿವಿಗೆ ಬಿದ್ದಿರಲಿಲ್ಲ.

ಅಲ್ಲಿಂದ ಮುಂದಿನ ಹತ್ತು ದಿನ ನಾನು ಬೇಗ ಬೇಗ ಉಂಡು ಎದ್ದುಬಿಡುತ್ತಿದ್ದೆ. ಪಕ್ಕದ ಮಣೆಯಲ್ಲಿ ಯಜಮಾನರು ಭಜನೆಯ ಪದ ಗುನುಗುತ್ತ ಸಾರು ಕಲಸುತ್ತಿದ್ದರು. ಮಾಳಿಗೆಯಿಂದ ಇಳಿಯುವ ಏಣಿ ಅವರು ಕೂರುವ ಜಗಲಿಗೇ ಇಳಿಯುತ್ತಿತ್ತು. ಅವರ ಕಣ್ಣು ತಪ್ಪಿಸಿ ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ. ಕೊಲೆಗಾರ ಅವರ ಪಾತ್ರವೇ ಎಂದು ಹೇಳಿದರೆ ಒಂದು ಕಷ್ಟ, ಹೇಳದಿದ್ದರೆ ಇನ್ನೊಂದು. ಊರಿಗೆ ಓಡಿಹೋಗೋಣ ಎಂದುಕೊಂಡು ಎರಡು ಸಲ ಚೀಲಕ್ಕೆ ಬಟ್ಟೆ ತುಂಬಿ ಮತ್ತೆ ತೆಗೆದಿಟ್ಟೆ.

ಕೊನೆಗೆ ಅವರೇ ಏಣಿ ಹತ್ತಿ ಬಂದರು. ಭಾನುವಾರ ಬೆಳಿಗ್ಗೆ. "ಮೂರ್ನೇ ಅಂಕ ಕೊಡಿ ಕಾಂಬ" ಎಂದು ನನ್ನ ಚಾಪೆಯ ಮೇಲೆ ಕೂತು, ಕನ್ನಡಕ ಏರಿಸಿ ಪೂರ್ತಿ ಓದಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಲಿಲ್ಲ.

"ಪುಸ್ತಕದಂಗೆ ಹೀಂಗೇ ಇತ್ತಾ?"

"ಹೌದು ಯಜಮಾನ್ರೆ. ಬೇಕಾದರೆ ತೋರಿಸ್ತೇನೆ."

"ಬ್ಯಾಡ. ನಂಬ್ತೆ." ಹಾಳೆಗಳನ್ನು ಜೋಡಿಸಿ ನನ್ನ ಕೈಗಿಟ್ಟರು. "ದೋಣಿಯವ ಕೊಂದದ್ದ್ ಅಂದೇಳಿ ಮಾಡಿ. ನಿಮ್ ಕೆಲ್ಸದ್ ವಿಚಾರ ಮುಂದಿನ್ ತಿಂಗ್ಳ್ ಕಮಿಟಿ ಎದ್ರಿಗೆ ಬತ್ತ್."

ಅಷ್ಟೇ. ಆ ದಿನವೇ ನಾನು ಹೊಸ ಅಂಕ ಬರೆದೆ. ಸಾಲುಗಳು ಸುಲಭವಾಗಿಯೇ ಬಂದವು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಕಡಲ ಬದಿಗೆ ಹೋಗಿ, ಒಣಹಾಕಿದ ಬಲೆಯ ಪಕ್ಕ ಕೂತು, ಮೀನುಗಾರನಿಗೆ ಹೊಸ ಹಾಡು ಓದಿ ಹೇಳಿದೆ. ದೋಣಿಯವನು ತಪ್ಪೊಪ್ಪಿಕೊಂಡು ಸೋದರಮಾವನ ಕಾಲಿಗೆ ಬೀಳುವ ಹಾಡು. ಅವನು ಬಲೆಯ ಕಣ್ಣು ಹೆಣೆಯುತ್ತ ಕೇಳಿದ.

"ಹೇಳ್ಕೊಟ್ಟದ್ದ್ ಇದಲ್ಲ ಅಲ್ದಾ?"

"ಅಲ್ಲ. ನನ್ನ ಕೈಯಲ್ಲಿ ಇಲ್ಲ."

"ಬರ್ದದ್ದ್ ನಿಮ್ ಕೈಯೇ ಅಲ್ದಾ ಮಾಷ್ಟ್ರೆ" ಎಂದ. ನಾನು ಹಾಳೆ ಮಡಚತೊಡಗಿದೆ. ಅವನು ತಡೆದು, "ಇನ್ನೊಂದ್ ಸಲ ಓದಿ" ಎಂದ. ಓದಿದೆ. ನಾಟಕಕ್ಕೆ ಬರುವುದಿಲ್ಲ ಎಂದು ಅವನು ಹೇಳಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ದೂರದ ಊರಿನ ಹೆಂಗಸರು ಮಕ್ಕಳು ಕತ್ತಲೆಯಾಗುವ ಮೊದಲು ಮನೆ ಸೇರಲೆಂದು ವಾರ್ಷಿಕೋತ್ಸವ ಮಧ್ಯಾಹ್ನವೇ ಶುರುವಾಯಿತು. ಶಾಲೆಯ ಬಯಲಲ್ಲಿ ತೆಂಗಿನ ಗರಿಯ ಚಪ್ಪರ, ತುಂಬಿದ ಜನ. ನಾನು ಪಕ್ಕದ ಪರದೆಯ ಹಿಂದೆ ನಾಟಕದ ಹಾಳೆ ಹಿಡಿದು ಮರೆತ ಮಾತು ಹೇಳಿಕೊಡಲು ನಿಂತಿದ್ದೆ. ಮೊದಲೆರಡು ಅಂಕ ಚೆನ್ನಾಗಿ ಹೋದವು. ಯಜಮಾನರ ಭಜನೆಗೆ ಚಪ್ಪಾಳೆ ಬಿತ್ತು.

ಮೂರನೆಯ ಅಂಕದಲ್ಲಿ ಮೀನುಗಾರ ಹಗ್ಗ ಕಟ್ಟಿದ ಕೈಗಳನ್ನು ಮುಂದೆ ಹಿಡಿದು ಬಂದ. ಹಾರ್ಮೋನಿಯಂ ಹೊಸ ಹಾಡಿನ ಶ್ರುತಿ ಕೊಟ್ಟಿತು. ಅವನು ಸುಮ್ಮನೆ ನಿಂತ. ಮರೆತನೆಂದು ನಾನು ಮೊದಲ ಸಾಲನ್ನು ಪಿಸುಗುಟ್ಟಿದೆ. ಅವನು ನನ್ನತ್ತ ಒಮ್ಮೆ ನೋಡಿ, ಜನರ ಕಡೆ ತಿರುಗಿ, ಹಳೆಯ ಹಾಡು ಎತ್ತಿಕೊಂಡ. ಹಲಗೆ ತೂತು ಮಾಡಿದ ಕೈ ತನ್ನದಲ್ಲ, ಹುಡುಗನ ತಲೆಗೂದಲು ಹಿಡಿದು ದಡಕ್ಕೆ ಎಳೆದ ಕೈ ಇದು ಎನ್ನುವ ಹಾಡು. ಮುದುಕರು ಅರೆ ಗಳಿಗೆ ತಡವರಿಸಿ ಅವನ ಹಿಂದೆಯೇ ಹಾರ್ಮೋನಿಯಂ ನಡೆಸಿದರು.

ಹಾಡಿನಲ್ಲಿ ಕೊಂದವನ ಹೆಸರು ಬರುವುದಿಲ್ಲ. ಅದು ಮುಂದಿನ ಮಾತಿನಲ್ಲಿತ್ತು. ಆ ಮಾತು ಅವನು ಆಡಲಿಲ್ಲ. ಹಾಡು ಮುಗಿಸಿ ಯಜಮಾನರ ಮುಖ ನೋಡುತ್ತ ನಿಂತ, ಅಷ್ಟೇ. ಯಜಮಾನರ ಹಣೆಯ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಕೊನೆಗೆ ಅವರು ಎರಡು ಹೆಜ್ಜೆ ಮುಂದೆ ಬಂದು ತಾವೇ ಅವನ ಕೈಯ ಹಗ್ಗ ಬಿಚ್ಚಿದರು. ಪರದೆ ಬಿತ್ತು. ಚಪ್ಪಾಳೆ ನಿಲ್ಲಲೇ ಇಲ್ಲ. ಕೊಂದವರು ಯಾರು ಎಂದು ಯಾರೂ ಕೇಳಲಿಲ್ಲ.

ಬಣ್ಣ ತೊಳೆಯುತ್ತಿದ್ದ ಮೀನುಗಾರನ ಬಳಿ ಹೋಗಿ ನಾನು ಕ್ಷಮೆ ಕೇಳಿದೆ. "ಹೆದ್ರಿಕೆ ನಂಗೂ ಇತ್ತ್" ಎಂದ. "ಮುಂದಿನ್ ಸಾಲಂಗೆ ನಮ್ಮನಿ ಮಕ್ಳ್ ಕೂಕಂಡಿದ್ರ್. ಅವ್ರ್ ಎದ್ರಿಗೆ ಕೊಂದದ್ದ್ ನಾನೇ ಅಂದೇಳಿ ಹ್ಯಾಂಗ್ ಹೇಳುದ್?"

ಯಜಮಾನರು ನಾಟಕದ ಮಾತನ್ನು ಮತ್ತೆ ಎತ್ತಲಿಲ್ಲ. ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಯಿತು. ಅಮ್ಮ ದೇವರಿಗೆ ಹಣ್ಣುಕಾಯಿ ಮಾಡಿಸಿದಳು. ಇನ್ನೂ ಏಳು ವರ್ಷ ನಾನು ಅದೇ ಮಾಳಿಗೆಯಲ್ಲಿ ಇದ್ದೆ, ಅದೇ ಮಣೆಯ ಮೇಲೆ ಕೂತು ಉಂಡೆ. ಬಡಿಸುವಾಗ ಅವರು ಮೊದಲು ನನಗೇ ಹಾಕಿಸುತ್ತಿದ್ದರು, ಬೇಡವೆಂದರೂ ಇನ್ನೊಂದು ಸೌಟು ಹಾಕಿಸುತ್ತಿದ್ದರು.