ದೊಡ್ಡ ಡಿಸ್ಕೋ, ಉಬ್ಬಿದ ಪೈಪೋ

ಬ್ಯಾಡಗಿಯಿಂದ ಹಾವೇರಿಗೆ ನಾನು ದಿನಾ ನಮ್ಮ ಹಳೆಯ ಸಣ್ಣ ಕಾರಿನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಕಣ್ಣಿನ ತಪಾಸಣೆ ಇದ್ದ ದಿನ ಮಾವನವರೂ ಜೊತೆಗೆ ಬರುತ್ತಾರೆ. ಅವರು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಅಂಥದೇ ಒಂದು ದಿನ ಮೋಟೆಬೆನ್ನೂರಿನ ಹತ್ತಿರ ಮೆಣಸಿನಕಾಯಿ ಚೀಲ ಹೇರಿದ್ದ ಟ್ರ್ಯಾಕ್ಟರು ನಮ್ಮ ಮುಂದೆ ಒಮ್ಮೆಲೇ ನಿಂತಿತು. ನಾನು ಬ್ರೇಕ್ ಒತ್ತಿದೆ. ಪೆಡಲು ಮೆತ್ತಗೆ ಕೆಳಗೆ ಇಳಿಯುತ್ತಲೇ ಹೋಯಿತು. ಕಾರು ಟ್ರಾಲಿಗಿಂತ ಗೇಣುದ್ದ ಈಚೆ ನಿಂತಿತು.

ಮಾವನವರು ಡ್ಯಾಶ್‌ಬೋರ್ಡಿಗೆ ಊರಿದ್ದ ಕೈ ತೆಗೆದರು. ಆಮೇಲೆ, "ನಾಳೆ ರಾಣೇಬೆನ್ನೂರಿಗೆ ಹೋಗೂಣವ್ವಾ," ಎಂದರು.

ಅಲ್ಲಿ ಅವರ ಪರಿಚಯದ ಮೆಕ್ಯಾನಿಕ್ ಇದ್ದರು. ಇದೇ ಕಾರಿನ ಹೊಸ ಮಾದರಿಗೆ ಬರುವ ಬ್ರೇಕಿನ ದೊಡ್ಡ ಡಿಸ್ಕು, ಅದನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರು ಇದಕ್ಕೂ ಕೂಡುತ್ತವೆ ಎಂದರು. ಒಪ್ಪಿ, ಕಾರನ್ನು ಅಲ್ಲೇ ಬಿಟ್ಟು ಬಂದೆವು. ಎರಡು ದಿನ ಬಸ್ಸಿನಲ್ಲಿ ಓಡಾಡಿದೆ.

ಮಾವನವರ ಜೊತೆ ಕಾರು ತರಲು ಹೋದ ದಿನ ಗ್ಯಾರೇಜಿನ ಗೇಟಿನಲ್ಲಿ ಎಂದಿನಂತೆ ಬ್ರೇಕ್ ಒತ್ತಿದೆ. ಕಾರು ಗಕ್ಕನೆ ನಿಂತು ಮಾವನವರ ಕನ್ನಡಕ ಕೆಳಗೆ ಬಿತ್ತು. ಮುಂದಿನ ತಿರುವಿನಲ್ಲಿ ಹೆದರಿ ಮೆಲ್ಲಗೆ ಒತ್ತಿದರೆ, ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಮೊದಲೇ ಇದಕ್ಕಿಂತ ಚೆನ್ನಾಗಿತ್ತೇ? ಏನೂ ತಿಳಿಯದೆ ತಿರುಗಿ ಗ್ಯಾರೇಜಿಗೇ ಬಂದೆ.

ಮೆಕ್ಯಾನಿಕ್ ತಾವೇ ಒಂದು ಸುತ್ತು ಓಡಿಸಿ ನೋಡಿದರು. "ಬ್ರೇಕ್ ಬರೋಬ್ಬರಿ ಅದಾವ್ರಿ ಅಕ್ಕಾರ. ನಿಮ್ಮ ಕಾಲಿಗೆ ಇನ್ನೂ ರೂಢಿ ಆಗಿಲ್ಲ." ಬಿಚ್ಚಿಟ್ಟ ಹಳೆಯ ಸಾಮಾನನ್ನೂ ತೋರಿಸಿದರು. ಡಿಸ್ಕು ಅಷ್ಟೇನೂ ಸವೆದಿರಲಿಲ್ಲ. ಆದರೆ ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಪೈಪು ಉಬ್ಬಿ ಹೋಗಿತ್ತು. ಹಾಗಾದರೂ ಪೆಡಲು ಮೆತ್ತಗಾಗುತ್ತದಂತೆ; ಅದನ್ನೂ ಬದಲಿಸಿದ್ದರು.

"ಹಂಗಾದ್ರ ಬರೇ ಪೈಪ್ ಹಾಕಿದ್ರ ಸಾಕಿತ್ತೇನ್ರಿ?" ಎಂದೆ.

ಅವರು ಅರಿವೆಯಿಂದ ಕೈ ಒರೆಸಿಕೊಂಡರು. "ಸಾಕಾಗ್ತಿತ್ತೋ ಏನೋ. ಎಲ್ಲಾ ಕೂಡೇ ಬದಲಿ ಮಾಡೇವಿ. ಈಗ ಯಾವುದರಿಂದ ಸುಧಾರಿಸ್ತು ಅಂತ ಹೆಂಗ ಹೇಳ್ಲಿ?"

ಸಿಟ್ಟು ಬರಬೇಕಿತ್ತು. ಮನುಷ್ಯ ಸುಳ್ಳು ಹೇಳಲಿಲ್ಲವಲ್ಲ ಎಂದು ಅದೂ ಬರಲಿಲ್ಲ. ಮಾವನವರ ಮುಖ ನೋಡಿದೆ.

"ನನ್ನ ಬಸ್ಸಿಗೆ ಗಾಳಿ ಬ್ರೇಕು. ಈ ಎಣ್ಣಿ ಬ್ರೇಕಿನದು ನನಗೂ ತಿಳ್ಯಾಂಗಿಲ್ಲವ್ವಾ," ಎಂದರು. ಮೂವತ್ತು ವರ್ಷ ಓಡಿಸಿದ ಅವರ ಬಾಯಿಂದ ಆ ಮಾತು ಕೇಳಿ ನನಗೆ ಇನ್ನಷ್ಟು ದಿಕ್ಕು ತಪ್ಪಿದಂತಾಯಿತು.

ಡಿಸ್ಕನ್ನು ಒತ್ತಿ ಹಿಡಿಯುವ ಹೊಸ ಪ್ಯಾಡುಗಳು ಉಜ್ಜಿ ಉಜ್ಜಿ ಅದಕ್ಕೆ ಹೊಂದಿಕೊಳ್ಳಬೇಕು, ಐರಣಿ ರಸ್ತೆ ಖಾಲಿ ಇರುತ್ತದೆ, ಅಲ್ಲಿ ಹತ್ತಿಪ್ಪತ್ತು ಸಲ ನಿಲ್ಲಿಸಿ ಅಭ್ಯಾಸ ಮಾಡಿ ಎಂದು ಮೆಕ್ಯಾನಿಕ್ ಕಳಿಸಿದರು. ಹೋದೆವು. ಓಡಿಸುವುದು, ನಿಲ್ಲಿಸುವುದು, ಮತ್ತೆ ಓಡಿಸುವುದು. ಎಷ್ಟನೆಯ ಸಲಕ್ಕೋ ಕಾರು ನಾನು ಅಂದುಕೊಂಡ ಕಡೆಯೇ, ಕುಲುಕದೆ ನಿಂತಿತು. ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ.

ಗೋವಿನಜೋಳದ ಹೊಲದಲ್ಲಿ ನೀರು ಕಟ್ಟುತ್ತಿದ್ದ ರೈತನೊಬ್ಬ ಬಹಳ ಹೊತ್ತಿನಿಂದ ನಮ್ಮನ್ನೇ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಬದುವಿಗೆ ಬಂದು, "ಯಾಕ್ರೀ, ಗಾಡಿ ಕೆಟ್ಟೈತೇನು?" ಎಂದು ಕೂಗಿದ.

"ಇಲ್ಲಪಾ, ಚಲೋ ಆಗೇತಿ!" ಎಂದರು ಮಾವನವರು.

ಅವನು ಸಲಿಕೆ ಹೆಗಲಿಗಿಟ್ಟುಕೊಂಡು ನಮ್ಮನ್ನು ನೋಡುತ್ತಲೇ ನಿಂತ.