ಉಳಿದ ನಾಲ್ಕು ತಂತಿಗಳು

ನೆಟ್‌ವರ್ಕ್ ಕೇಬಲ್ಲಿನೊಳಗೆ ಎಂಟು ತಂತಿಗಳಿರುತ್ತವೆ. ಸುಮ್ಮನೆ ಯಾರೂ ಎಂಟು ಹಾಕುವುದಿಲ್ಲ. ಇದು ನಿಮಗೆ ಗೊತ್ತಿರಬೇಕಾದ ವಿಷಯ, ಗೊತ್ತಿಲ್ಲದಿದ್ದರೆ ಈಗ ತಿಳಿದುಕೊಳ್ಳಿ.

ನಮ್ಮ ಬೀದಿಯ ನಕ್ಷೆಗಾರರಿಗೆ ಚೆನ್ನಾಗಿಯೇ ಗೊತ್ತಿತ್ತು. ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವುದು ಅವರ ಕಸುಬು. ಬೀದಿಯವರ ಬಾಯಲ್ಲಿ ಅವರು ಸ್ಕೇಲಣ್ಣ. ಸೌತೆಕಾಯಿ ಕೊಳ್ಳುವಾಗಲೂ ಉದ್ದವನ್ನು ಕಣ್ಣಲ್ಲೇ ಅಳೆಯುವ ಮನುಷ್ಯ. ಕೆಟ್ಟವರಲ್ಲ. ಕೆಟ್ಟವರ ಬಗ್ಗೆ ಬರೆಯುವುದು ಸುಲಭ, ಓದುವವರಿಗೂ ಹಾಯಾಗಿರುತ್ತದೆ. ಇವತ್ತು ಆ ಸುಖ ನಿಮಗಿಲ್ಲ.

ಕೆಳಗಿನ ಕೋಣೆಯಲ್ಲಿ ಅವರ ಕಂಪ್ಯೂಟರ್, ಮಹಡಿಯಲ್ಲಿ ಹೆಂಡತಿಯದು. ನಕ್ಷೆ ನೋಡಿ ಇಟ್ಟಿಗೆ, ಸಿಮೆಂಟು, ಕಬ್ಬಿಣದ ಅಂದಾಜು ಹಾಕುವವರು ಆಕೆ. ನಕ್ಷೆ ಮೇಲೆ ಹೋಗಬೇಕು, ಅಂದಾಜು ಕೆಳಗೆ ಬರಬೇಕು. ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಹತ್ತಿ ಇಳಿಯುತ್ತಿದ್ದವರೂ ಆಕೆಯೇ. ಮೆಟ್ಟಿಲುಗಳೋ ಗೋಡೆಗೆ ಒರಗಿಸಿಟ್ಟ ಏಣಿಯಂತೆ ಕಡಿದು. ಕೋಣೆ ದೊಡ್ಡದಾಗಲಿ ಎಂದು ಸ್ಕೇಲಣ್ಣನೇ ಹಾಗೆ ಬರೆದಿದ್ದರು. ಆಕೆಯ ಬಲಮೊಣಕಾಲು ಊದಿಕೊಂಡಿತು. ಆಗ ಅವರಿಗೆ ಹೊಳೆದದ್ದು: ಎರಡೂ ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಜೋಡಿಸಿದರೆ ಇವಳು ಇಳಿಯುವುದೇ ಬೇಡ. ಒಳ್ಳೆಯ ಯೋಚನೆ. ಅಲ್ಲಿಯವರೆಗೂ ಮನುಷ್ಯ ಒಳ್ಳೆಯವನೇ.

ಅಂಗಡಿಯವನು ಎರಡು ಬಗೆಯ ನೆಟ್‌ವರ್ಕ್ ಕಾರ್ಡುಗಳನ್ನು ಮೇಜಿನ ಮೇಲಿಟ್ಟ. ಒಂದು ವೇಗದ್ದು, ಇನ್ನೊಂದು ಹಳೆಯದು, ನಿಧಾನದ್ದು.

"ಒಂದೊಂದು ಕೊಡಪ್ಪ. ವೇಗದ್ದು ನನಗೆ. ಮನೆಯವಳದು ಬರೀ ಕೂಡೋದು ಕಳೆಯೋದು, ಅವಳಿಗ್ಯಾಕೆ ಓಟ?"

"ಸಾರ್, ಎರಡರಲ್ಲಿ ನಿಧಾನ ಯಾವುದೋ ಅದರ ವೇಗಾನೇ ಇಬ್ಬರಿಗೂ. ನಿಮ್ಮ ಕಾರ್ಡು ಕುದುರೆ ಆದ್ರೂ ಅವರ ಕಾರ್ಡಿನ ಹಿಂದೇನೇ ನಡೀಬೇಕು."

"ನಡೀಲಿ ಬಿಡು. ಆದ್ರೆ ಆ ನಿಧಾನದ್ದಕ್ಕೆ ನಾಲ್ಕೇ ತಂತಿ ಸಾಕಲ್ವಾ?"

"ಸಾಕು ಸಾರ್. ಉಳಿದ ನಾಲ್ಕು ಸುಮ್ಮನಿರ್ತವೆ."

ಸುಮ್ಮನಿರುತ್ತವೆ ಎಂಬ ಮಾತು ಸ್ಕೇಲಣ್ಣನ ಕಿವಿಗೆ ಬೀಳಬಾರದಿತ್ತು. ಮನೆಗೆ ಬಂದವರೇ ಕೇಬಲ್ಲಿನ ಎರಡೂ ತುದಿ ಬಿಚ್ಚಿದರು. ನಾಲ್ಕು ತಂತಿ ಕಾರ್ಡುಗಳಿಗೆ ಹೋದವು. ಉಳಿದವುಗಳಿಗೆ ತಮ್ಮ ಮೇಜಿನ ಪಕ್ಕಕ್ಕೊಂದು ಗುಂಡಿ, ಹೆಂಡತಿಯ ತಲೆಯ ಮೇಲೊಂದು ಕರೆಗಂಟೆ ಕೂರಿಸಿದರು. ಫೈಲು ಕಳಿಸಿದಾಗ ಒತ್ತಿದರೆ ಆಕೆಗೆ ತಿಳಿಯುತ್ತದೆ. ಕೂಗಿ ಗಂಟಲು ಹರಿದುಕೊಳ್ಳಬೇಕಿಲ್ಲ.

"ಚೆನ್ನಾಗಿದೆ ಕಣ್ರೀ," ಎಂದರು ಆಕೆ. "ಇನ್ನು ಆಫೀಸಿನ ಜವಾನ ಆದೆ ನಾನು."

ಅವರು ನಕ್ಕರು. ಗಂಟೆಗೆ ಕೆಲಸ ಹೆಚ್ಚಾಗುತ್ತ ಹೋಯಿತು. ಫೈಲು ಬಂತಾ ಎಂದು ಒಮ್ಮೆ ಒತ್ತುವುದು. ಉತ್ತರ ಬರದಿದ್ದರೆ ಮತ್ತೆ ಒತ್ತುವುದು. ಕಾಫಿಗೆ ಒತ್ತುವುದು, ಕನ್ನಡಕ ಎಲ್ಲಿ ಎನ್ನಲು ಒತ್ತುವುದು. ಜೊತೆಗೆ ಇನ್ನೊಂದು ಕಾಟ: ದೊಡ್ಡ ನಕ್ಷೆ ಹೋಗುತ್ತಿದ್ದಾಗ ಸಂಪರ್ಕ ಪಟ್ಟನೆ ಕಡಿದುಹೋಗುತ್ತಿತ್ತು.

"ನಿನ್ನ ಡಬ್ಬ ಮುದಿಯಾಗಿದೆ ಕಣೇ," ಎಂದು ಇವರು ಕೆಳಗಿನಿಂದ ಕೂಗುತ್ತಿದ್ದರು. "ಪೆನ್‌ಡ್ರೈವ್ ತಗೊಂಡ್ ಬಾ."

"ಬಂದೆ ಇರಿ. ಏನ್ ಕರ್ಮವೋ, ನನ್ನದೇ ಯಾವಾಗ್ಲೂ ಕೈ ಕೊಡತ್ತೆ." ಆಕೆ ಕಂಬಿ ಹಿಡಿದುಕೊಂಡು ಪಕ್ಕಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು.

ಕೊನೆಗೊಂದು ಮಧ್ಯಾಹ್ನ ಮೊಣಕಾಲು ಮಡಚಲೇ ಆಗಲಿಲ್ಲ. ಸ್ಕೇಲಣ್ಣನಿಗೆ ನಕ್ಷೆಯ ಅವಸರ. ಅವರ ಅಕ್ಕ ಬಂದು ತಮ್ಮನ ಹೆಂಡತಿಯನ್ನು ತಂಗಿಯಂತೆ ತಬ್ಬಿಕೊಂಡು ಡಾಕ್ಟರ ಬಳಿ ಕರೆದೊಯ್ದರು. ಆಕೆ ಬಂದಮೇಲೆ ಅಂದಾಜು ಹಾಕಲಿ ಎಂದು ಇವರು ಒಬ್ಬರೇ ಕೂತು ನಕ್ಷೆ ಕಳಿಸಿದರು. ಮಹಡಿಯಲ್ಲಿ ಯಾರೂ ಇಲ್ಲ, ಗುಂಡಿ ಒತ್ತಿ ಕೇಳುವುದು ಯಾರನ್ನು? ನಕ್ಷೆ ಮೊದಲಿಂದ ಕೊನೆಯವರೆಗೆ ನೀರು ಹರಿದಂತೆ ಹೋಯಿತು. ಇನ್ನೊಂದು ಕಳಿಸಿದರು, ಅದೂ ಹೋಯಿತು. ಮೂರನೆಯದು ಹೋಗುತ್ತಿದ್ದಾಗ ಏನೋ ಅನುಮಾನ ಬಂದು ಬೆರಳು ಗುಂಡಿಯ ಮೇಲಿಟ್ಟು ಒತ್ತಿದರು. ಖಾಲಿ ಕೋಣೆಯಲ್ಲಿ ಗಂಟೆ ಬಡಿಯಿತು. ಸಂಪರ್ಕ ಕಡಿಯಿತು.

ಹೆಂಡತಿಯ ಡಬ್ಬಕ್ಕೆ ಏನೂ ಆಗಿರಲಿಲ್ಲ. ಒಂದೇ ಕೇಬಲ್ಲಿನಲ್ಲಿ ಗಂಟೆಯ ಕರೆಂಟು ಹರಿದಾಗಲೆಲ್ಲ ಪಕ್ಕದ ತಂತಿಗಳ ಮಾತು ಕೆಡುತ್ತಿತ್ತು. ಫೈಲು ಬಂತಾ ಎಂದು ಕೇಳಿದ್ದೇ ಫೈಲನ್ನು ಕೆಡಿಸುತ್ತಿತ್ತು. ಆಕೆ ಇಳಿದ ಪ್ರತಿ ಮೆಟ್ಟಿಲಿಗೂ ಮೊದಲು ಇವರ ಬೆರಳಿತ್ತು.

ಅಕ್ಕ ಬಾಗಿಲಲ್ಲೇ ಶುರುಮಾಡಿದರು. "ಮಂಡಿ ಸವೆದಿದೆಯಂತೆ ಕಣೋ, ಮತ್ತೆ ಮೊದಲಿನ ಹಾಗೆ ಆಗಲ್ಲವಂತೆ. ಮೆಟ್ಟಿಲು ಹತ್ತಿ ಇಳೀತೀರಾ ಅಂತ ಡಾಕ್ಟ್ರು ಕೇಳಿದ್ರೆ ಇವಳು ಏನಂದ್ಲು ಗೊತ್ತಾ? ನಮ್ಮನೆಯವರು ಕೇಬಲ್ ಹಾಕಿಸಿದ್ದಾರೆ, ಕೂತಲ್ಲೇ ಎಲ್ಲ ಆಗತ್ತೆ ಅಂದ್ಲು! ನಿನ್ನನ್ನ ಬಿಟ್ಟುಕೊಡಲ್ಲಪ್ಪ ಮಹಾರಾಯ್ತಿ."

ಸ್ಕೇಲಣ್ಣ ಮಾರನೆಯ ದಿನ ಗಂಟೆ ಕಿತ್ತರು, ಹೆಂಡತಿಗೂ ವೇಗದ ಕಾರ್ಡು ತಂದರು, ಎಂಟೂ ತಂತಿ ಜೋಡಿಸಿದರು, ಆಕೆಯ ಕಂಪ್ಯೂಟರನ್ನು ಕೆಳಗೇ ಇಳಿಸಿದರು. ಕಾಫಿ ತಾವೇ ಮಾಡತೊಡಗಿದರು. ನಿಜವನ್ನು ಮಾತ್ರ ಹೇಳಲಿಲ್ಲ. "ನನ್ನ ಹಾಳು ಡಬ್ಬದಿಂದ ನಿಮಗೆಷ್ಟು ತೊಂದರೆ ಆಯ್ತು," ಎಂದು ಆಕೆ ಅಂದಾಗಲೆಲ್ಲ ಲೋಟ ತೊಳೆಯಲು ಎದ್ದು ಹೋಗುತ್ತಿದ್ದರು.

ನನಗೆ ಇದನ್ನೆಲ್ಲ ಹೇಳಿದ್ದು ಅವರೇ, ಅಂಗಳದ ಮೂಲೆಯಲ್ಲಿ ದನಿ ತಗ್ಗಿಸಿ. "ಅವಳು ನಿಮ್ಮ ಅಂಕಣ ಓದ್ತಾಳೆ. ನೀವೇ ಬರೆದುಬಿಡಿ ಸ್ವಾಮಿ, ಓದಿ ತಿಳ್ಕೊಳ್ಳಲಿ."

ನನಗೆ ಮೈಯೆಲ್ಲ ಉರಿಯಿತು. "ಇದಕ್ಕೂ ಇನ್ನೊಬ್ಬರ ಕಾಲೇ ಬೇಕಾ ನಿಮಗೆ?" ಎಂದೆ. "ನೀವು ಹೇಳೋವರೆಗೂ ನಾನು ಒಂದಕ್ಷರ ಬರೆಯಲ್ಲ."

ವಾರ ಕಳೆದು ಹೇಳಿದರಂತೆ. ಆಕೆ ಅಳಲಿಲ್ಲ, ಬೈಯಲಿಲ್ಲ. "ಹಾಗಾದ್ರೆ ಅಷ್ಟು ಸಲ ಇಳಿದಿದ್ದು?" ಎಂದಷ್ಟೇ ಕೇಳಿದರಂತೆ. ಆಮೇಲೆ ಆಕೆ, "ಬರೆಯೋಕೆ ಹೇಳಿ ಅವರಿಗೆ" ಎಂದರಂತೆ. ಬರೆದಿದ್ದೇನೆ.

ಈಗ ನಿಮ್ಮ ಸರದಿ. ನಿಮ್ಮ ತಪ್ಪನ್ನು ತನ್ನದೆಂದುಕೊಂಡು ಸವೆಯುತ್ತಿರುವವರು ನಿಮ್ಮ ಮನೆಯಲ್ಲೂ ಇದ್ದಾರೆ. ಯಾರೆಂದು ನಾನು ಹೇಳಬೇಕಿಲ್ಲ. ಪತ್ರಿಕೆ ಕೆಳಗಿಡಿ. ಅವರನ್ನು ಕರೆಯಬೇಡಿ, ನೀವೇ ಎದ್ದು ಹೋಗಿ, ಮುಖ ನೋಡಿ ಹೇಳಿ.